ಒರ್ಲ್ಯಾಂಡೊ ಪ್ರವಾಸ: ಬೆಳಗ್ಗೆ ಪಾರ್ಕು, ಮಧ್ಯಾಹ್ನ ನಿದ್ದೆ

ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊಗೆ ಹೊರಟ ಕುಟುಂಬ ಮೊದಲು ಕೂತು ಬರೆಯುವುದು ಥೀಮ್ ಪಾರ್ಕುಗಳ ಪಟ್ಟಿ. ಡಿಸ್ನಿ ವರ್ಲ್ಡ್‌ನಲ್ಲಿ ನಾಲ್ಕು, ಯೂನಿವರ್ಸಲ್‌ನಲ್ಲಿ ಮೂರು, ಸೀವರ್ಲ್ಡ್ ಒಂದು, ಮೇಲೆ ವಾಟರ್ ಪಾರ್ಕುಗಳು. ದಿನಕ್ಕೊಂದರಂತೆ ಹಂಚಿದರೆ ಎಂಟು ದಿನದಲ್ಲಿ ಎಲ್ಲ ಮುಗಿಯುತ್ತದೆ ಅನ್ನಿಸುತ್ತದೆ. ಮೂರನೇ ದಿನದ ಮಟಮಟ ಮಧ್ಯಾಹ್ನ, 33 ಡಿಗ್ರಿ ಸೆಕೆಯಲ್ಲಿ, ಒಂದೂವರೆ ಗಂಟೆಯ ಸಾಲಿನಲ್ಲಿ ಮಗು ರಚ್ಚೆ ಹಿಡಿದಾಗ, ಅಜ್ಜಿ ಕೂರಲು ಕಟ್ಟೆ ಹುಡುಕುವಾಗ ಆ ಪಟ್ಟಿಯ ಬೆಲೆ ಗೊತ್ತಾಗುತ್ತದೆ. ಈ ಊರಿನಲ್ಲಿ ಗಡಿಯಾರ ನೋಡಿ ಯೋಜನೆ ಹಾಕಬೇಕು. ಗೇಟು ತೆರೆದ ಮೊದಲ ಮೂರು ಗಂಟೆಯಲ್ಲಿ ಆಗುವಷ್ಟು ರೈಡು (ಕೂತು ಸುತ್ತುವ ಆಟ), ನಂತರದ ಆರು ಗಂಟೆಯಲ್ಲಿ ಆಗುವುದಿಲ್ಲ. ಮುಂದೆ ಹೇಳುವ ಟಿಕೆಟ್ಟು, ಹೋಟೆಲ್ಲು, ಊಟ ಎಲ್ಲವೂ ಆ ಮೂರು ಗಂಟೆಯನ್ನು ಉಳಿಸಿಕೊಳ್ಳುವ ದಾರಿಗಳು.

ಜಾಗದ ಅಳತೆ ಮೊದಲು ತಲೆಗೆ ಹೋಗಬೇಕು. 1971ರ ಅಕ್ಟೋಬರ್ 1ರಂದು ತೆರೆದ ಡಿಸ್ನಿ ವರ್ಲ್ಡ್‌ನ ಒಟ್ಟು ಜಮೀನು ಸುಮಾರು 25,000 ಎಕರೆ, ಅಂದರೆ ನೂರು ಚದರ ಕಿಲೋಮೀಟರ್. ಬೆಂಗಳೂರಿನ ಹಳೆಯ ಪಾಲಿಕೆ ವ್ಯಾಪ್ತಿಯ ಏಳನೇ ಒಂದು ಭಾಗ. ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಒಂದರ ಪಕ್ಕ ಒಂದಿಲ್ಲ. ಬಸ್ಸು, ಮಾನೋರೈಲು, ದೋಣಿ ಅಥವಾ ಕೇಬಲ್ ಕಾರು ಹತ್ತಿ ಹೋಗಬೇಕು. ಯೂನಿವರ್ಸಲ್ ಇನ್ನೂ ಹದಿನೈದಿಪ್ಪತ್ತು ಕಿಲೋಮೀಟರ್ ಆಚೆ. ಕೆನಡಿ ಬಾಹ್ಯಾಕಾಶ ಕೇಂದ್ರ ಪೂರ್ವ ಕರಾವಳಿಯಲ್ಲಿ, ಕಾರಿನಲ್ಲಿ ಒಂದು ಗಂಟೆ. ಲೆಗೊಲ್ಯಾಂಡ್ ಒರ್ಲ್ಯಾಂಡೊದಲ್ಲೇ ಇಲ್ಲ, ನೈರುತ್ಯದ ವಿಂಟರ್ ಹೇವನ್‌ನಲ್ಲಿದೆ.

ಯಾವ ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗರಿಷ್ಠ ತಾಪ 33 ಡಿಗ್ರಿ ಆಸುಪಾಸು. ಕಲಬುರಗಿ, ರಾಯಚೂರಿನವರಿಗೆ ಇದು ನಗು ತರಿಸುವ ಅಂಕಿ. ಆದರೆ ಹೋಲಿಕೆ ಮಾಡಬೇಕಾದದ್ದು ಮೇ ತಿಂಗಳ ಮಂಗಳೂರಿಗೆ. ಬೆವರು ಸುರಿಯುತ್ತದೆ, ಆರುವುದಿಲ್ಲ, ದೇಹ ತಂಪಾಗುವುದಿಲ್ಲ. ಅದರ ಮೇಲೆ ಬಹುತೇಕ ದಿನ ಮಧ್ಯಾಹ್ನ ಎರಡರಿಂದ ಐದರೊಳಗೆ ಗುಡುಗು ಮಳೆ. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಮೆಕ್ಸಿಕೊ ಕೊಲ್ಲಿ. ನೆಲ ಕಾದಂತೆ ಎರಡೂ ಕಡಲಿನ ಗಾಳಿ ಒಳನುಗ್ಗಿ ನಡುವೆ ಡಿಕ್ಕಿಯಾಗಿ ಮೇಲೇರುತ್ತದೆ. ಡಿಕ್ಕಿಯಾಗುವ ಜಾಗ ಹೆಚ್ಚುಕಡಿಮೆ ಒರ್ಲ್ಯಾಂಡೊದ ನೆತ್ತಿಯ ಮೇಲೆಯೇ. ಅಮೆರಿಕದಲ್ಲಿ ಅತಿ ಹೆಚ್ಚು ಸಿಡಿಲು ಬಡಿಯುವ ಪ್ರದೇಶಗಳಲ್ಲಿ ಮಧ್ಯ ಫ್ಲಾರಿಡಾ ಒಂದು.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಜೋರು. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್, 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಬಂದಾಗ ಪಾರ್ಕುಗಳು ಬಾಗಿಲು ಹಾಕಿದ್ದವು. ಹಾಗೆಂದು ಈ ತಿಂಗಳುಗಳನ್ನು ಬಿಡಬೇಕಿಲ್ಲ. ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ ಜನ ತೀರಾ ಕಡಿಮೆ. ಹೋಗುವವರು ಹಣ ವಾಪಸ್ ಬರುವ ಹೋಟೆಲ್ ದರವನ್ನೇ ಆರಿಸಲಿ, ವಿಮಾನಕ್ಕೂ ಪ್ರವಾಸಕ್ಕೂ ವಿಮೆ ಮಾಡಿಸಲಿ.

ನಮ್ಮ ಶಾಲಾ ರಜೆಗೆ ಹೊಂದುವ ಎರಡು ಅವಧಿಗಳಿವೆ. ಮೇ ತಿಂಗಳ ಮೊದಲ ಮೂರು ವಾರ ಅತ್ಯುತ್ತಮ: ಬಿಸಿಲಿದೆ, ಮಳೆ ಇನ್ನೂ ಹಿಡಿದಿಲ್ಲ, ಅಮೆರಿಕದ ಮಕ್ಕಳಿಗೆ ಶಾಲೆ ನಡೆಯುತ್ತಿರುತ್ತದೆ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ವಾರಾಂತ್ಯಕ್ಕೆ ಮುಂಚೆ ಮುಗಿಸಿಬಿಡಿ. ದಸರಾ ರಜೆಯೂ ಆಗುತ್ತದೆ, ಚಂಡಮಾರುತದ ಸಾಧ್ಯತೆ ಒಪ್ಪಿಕೊಂಡರೆ. ಅಮೆರಿಕದಲ್ಲೇ ಇರುವವರಿಗೆ ಜನವರಿಯ ಕೊನೆಯ ಹತ್ತು ದಿನ, ಥ್ಯಾಂಕ್ಸ್‌ಗಿವಿಂಗ್ ಮುಗಿದ ನಂತರದ ಡಿಸೆಂಬರ್ ಮೊದಲ ವಾರ ಹಿತ. ಆಗ ಹಗಲು 22 ಡಿಗ್ರಿ, ಆದರೆ ಬೆಳಗ್ಗೆ 10ಕ್ಕೆ ಇಳಿಯುವುದುಂಟು, ಸ್ವೆಟರ್ ಬೇಕು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರಕ್ಕೆ ಯಾವ ಉಪಾಯವೂ ನಡೆಯುವುದಿಲ್ಲ. ಟಿಕೆಟ್ ಅತಿ ದುಬಾರಿ, ಸಾಲು ಅತಿ ಉದ್ದ. ಮಾರ್ಚ್ ಮಧ್ಯದಿಂದ ಈಸ್ಟರ್‌ವರೆಗೆ, ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ವಾರದಲ್ಲಿ ಕೂಡ ಹಾಗೆಯೇ.

ಒಂದು ಒಳಸುಳಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹ್ಯಾಲೋವೀನ್, ನವೆಂಬರ್-ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಹೆಸರಲ್ಲಿ ಕೆಲವು ರಾತ್ರಿ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಪ್ರತ್ಯೇಕ ಟಿಕೆಟ್ಟಿನ ಪಾರ್ಟಿ ಇರುತ್ತದೆ. ಆ ದಿನ ಸಾಮಾನ್ಯ ಟಿಕೆಟ್ಟಿನವರು ಸಂಜೆ ಆರಕ್ಕೆ ಹೊರಡಬೇಕು, ಪಟಾಕಿ ಪ್ರದರ್ಶನ ಸಿಗುವುದಿಲ್ಲ. ಅದಕ್ಕೇ ಬಹಳ ಜನ ಆ ದಿನ ಬರುವುದಿಲ್ಲ, ಹಗಲಿನ ಸಾಲು ಗಿಡ್ಡ. ಹೇಗೂ ಮಧ್ಯಾಹ್ನ ವಾಪಸಾಗುವವರಿಗೆ ಇದು ಒಳ್ಳೆಯ ದಿನ. ಪಟಾಕಿಯನ್ನು ಇನ್ನೊಂದು ರಾತ್ರಿ ನೋಡಿದರಾಯಿತು.

ಟಿಕೆಟ್ಟು

ಡಿಸ್ನಿಯ ಒಂದು ದಿನದ ಟಿಕೆಟ್ ದಿನಾಂಕ ಮತ್ತು ಪಾರ್ಕು ನೋಡಿ ಸುಮಾರು 120ರಿಂದ 200 ಡಾಲರ್, ಕ್ರಿಸ್‌ಮಸ್ ವಾರದಲ್ಲಿ ಅದಕ್ಕೂ ಮೇಲೆ, ತೆರಿಗೆ ಬೇರೆ. ದಿನ ಹೆಚ್ಚಿದಂತೆ ದಿನವೊಂದರ ದರ ಇಳಿಯುತ್ತದೆ. ಹತ್ತು ವರ್ಷ ತುಂಬಿದವರು ದೊಡ್ಡವರ ಲೆಕ್ಕ. ಮೂರು ತುಂಬದ ಮಗುವಿಗೆ ಟಿಕೆಟ್ ಬೇಡ. ಮೂರನೇ ಹುಟ್ಟುಹಬ್ಬಕ್ಕೆ ಒಂದು ವಾರ ಮುಂಚೆ ಹೋದವರು ಜಾಣರು.

ನಾಲ್ಕು ದಿನದ ಟಿಕೆಟ್ಟನ್ನು ಏಳು ದಿನದೊಳಗೆ ಯಾವಾಗ ಬೇಕಾದರೂ ಬಳಸಬಹುದು. ಈ ಸವಲತ್ತನ್ನು ಮರೆತು ಸತತ ನಾಲ್ಕು ದಿನ ಓಡುವುದು ದೊಡ್ಡ ತಪ್ಪು. ಎರಡು ದಿನ ಪಾರ್ಕು, ಒಂದು ದಿನ ಬಿಡುವು, ಮತ್ತೆರಡು ದಿನ ಪಾರ್ಕು ಎಂದು ಹಾಕಿಕೊಳ್ಳಿ. ಒಂದೇ ದಿನ ಹಲವು ಪಾರ್ಕಿಗೆ ಹೋಗಲು ಬಿಡುವ ಪಾರ್ಕ್ ಹಾಪರ್ ಮೊದಲ ಸಲ ಹೋಗುವವರಿಗೆ ದಂಡ. ಒಂದರಿಂದ ಇನ್ನೊಂದಕ್ಕೆ ಹೋಗಿ ಒಳಸೇರುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ದಿನಾಂಕದ ಟಿಕೆಟ್ ಕೊಂಡವರು ಮೊದಲಿನಂತೆ ಪಾರ್ಕ್ ರಿಸರ್ವೇಶನ್ ಮಾಡಬೇಕಿಲ್ಲ. 2024ರ ಜನವರಿಯಿಂದ ಆ ನಿಯಮ ಹೋಯಿತು. ಹಳೆಯ ವಿಡಿಯೊ ನೋಡಿ ಗಾಬರಿಯಾಗಬೇಡಿ.

ರಸ್ತೆ ಬದಿಯ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಅರ್ಧ ಬಳಸಿದ ಟಿಕೆಟ್ ಮುಟ್ಟಲೇಬೇಡಿ. ಗೇಟಿನಲ್ಲಿ ಬೆರಳು ಸ್ಕ್ಯಾನ್ ಮಾಡಿ ಟಿಕೆಟ್ಟನ್ನು ಆ ವ್ಯಕ್ತಿಗೇ ಕಟ್ಟಿರುತ್ತಾರೆ. ದುಡ್ಡೂ ಹೋಯಿತು, ಬೆಳಗೂ ಹೋಯಿತು.

ಇನ್ನು ಲೈಟ್ನಿಂಗ್ ಲೇನ್. ಇದು ಹಣ ಕೊಟ್ಟು ಗಿಡ್ಡ ಸಾಲಿಗೆ ಹೋಗುವ ವ್ಯವಸ್ಥೆ. ಮಲ್ಟಿ ಪಾಸ್ ಕೊಂಡರೆ ಒಂದು ಪಾರ್ಕಿನಲ್ಲಿ ಮೂರು ರೈಡುಗಳ ಹೊತ್ತನ್ನು ಮುಂಚೆಯೇ ಕಾದಿರಿಸಬಹುದು. ಒಂದನ್ನು ಬಳಸಿದ ಮೇಲೆ ಇನ್ನೊಂದು. ಅತಿ ಬೇಡಿಕೆಯ ಕೆಲವು ರೈಡುಗಳಿಗೆ ಸಿಂಗಲ್ ಪಾಸ್ ಬೇರೆ. ಡಿಸ್ನಿ ಹೋಟೆಲ್ಲಿನಲ್ಲಿ ಇಳಿದವರಿಗೆ ಏಳು ದಿನ ಮುಂಚೆ, ಉಳಿದವರಿಗೆ ಮೂರು ದಿನ ಮುಂಚೆ, ಒರ್ಲ್ಯಾಂಡೊದ ಬೆಳಗಿನ ಏಳು ಗಂಟೆಗೆ ಬುಕಿಂಗ್ ತೆರೆಯುತ್ತದೆ. ಊರಿನಿಂದಲೇ ಮಾಡುವುದಾದರೆ ಅದು ಬೇಸಿಗೆಯಲ್ಲಿ ನಮ್ಮ ಸಂಜೆ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ. ಮ್ಯಾಜಿಕ್ ಕಿಂಗ್‌ಡಮ್ ಮತ್ತು ಹಾಲಿವುಡ್ ಸ್ಟುಡಿಯೋಸ್‌ಗೆ ಮಾತ್ರ ಕೊಳ್ಳಿ. ಅನಿಮಲ್ ಕಿಂಗ್‌ಡಮ್‌ಗೆ ಬೇಡವೇ ಬೇಡ. ಬುಕ್ ಮಾಡುವಾಗ ಮೂರನ್ನೂ ಹತ್ತರಿಂದ ಒಂದು ಗಂಟೆಯೊಳಗೆ ಇಟ್ಟುಕೊಳ್ಳಿ. ಸಂಜೆಗೆ ಇಟ್ಟರೆ ಅವು ಮುಗಿಯುವವರೆಗೆ ಹೊಸದು ಸಿಗುವುದಿಲ್ಲ, ಕೊಟ್ಟ ದುಡ್ಡು ಮೂರೇ ರೈಡಿಗೆ ನಿಂತಿತು.

ಎಲ್ಲಿ ಇಳಿಯುವುದು

ಡಿಸ್ನಿಯ ಸ್ವಂತ ಹೋಟೆಲ್ಲುಗಳಲ್ಲಿ ಇಳಿದವರಿಗೆ ಪ್ರತಿದಿನ ಅರ್ಧ ಗಂಟೆ ಮುಂಚೆ ಪ್ರವೇಶ, ಪಾರ್ಕುಗಳಲ್ಲಿ ಉಚಿತ ಪಾರ್ಕಿಂಗ್. ಹೊರಗಿನವರಿಗೆ ಪಾರ್ಕಿಂಗೇ ದಿನಕ್ಕೆ 30 ಡಾಲರ್ ಹತ್ತಿರ. ಅಗ್ಗದ ದರ್ಜೆಯಲ್ಲಿ ಪಾಪ್ ಸೆಂಚುರಿ ಮತ್ತು ಆರ್ಟ್ ಆಫ್ ಅನಿಮೇಶನ್ ಒಳ್ಳೆಯವು, ಯಾಕೆಂದರೆ ಅಲ್ಲಿಂದ ಸ್ಕೈಲೈನರ್ ಕೇಬಲ್ ಕಾರಿನಲ್ಲಿ, ನಡುವೆ ಒಮ್ಮೆ ಬದಲಿಸಿ, ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್‌ಗೆ ಹೋಗಬಹುದು. ಮಿಂಚು ಕಂಡರೆ ನಿಲ್ಲಿಸುತ್ತಾರೆ, ಆಗ ಬಸ್ಸು.

ಎರಡು ಕುಟುಂಬ, ಅಜ್ಜ ಅಜ್ಜಿ, ಸಸ್ಯಾಹಾರ ಎಲ್ಲ ಸೇರಿದರೆ ಡಿಸ್ನಿ ಪಕ್ಕದ ಊರಾದ ಕಿಸಿಮ್ಮಿ ಕಡೆಯ ಬಾಡಿಗೆ ಮನೆಯೇ ಸರಿ. ನಾಲ್ಕು ಕೋಣೆ, ಪೂರ್ತಿ ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ. ದರ ನೋಡುವಾಗ ಶುಚಿ ಮಾಡುವ ಶುಲ್ಕವೂ ಆ ಕೌಂಟಿಯ (ಜಿಲ್ಲೆಯ) 13.5% ತೆರಿಗೆಯೂ ಸೇರಿವೆಯೇ ನೋಡಿ. ಡಿಸ್ನಿಗೆ 10 ನಿಮಿಷ ಎಂದು ಜಾಹೀರಾತಿನಲ್ಲಿ ಬರೆದಿದ್ದರೆ ಅದು ಜಮೀನಿನ ಗಡಿಗೆ ಎಂದು ತಿಳಿಯಿರಿ. ಪಾರ್ಕಿನ ಪಾರ್ಕಿಂಗ್ ವಿಳಾಸ ಹಾಕಿ, ಬೆಳಗ್ಗೆ ಏಳೂವರೆಯ ಹೊತ್ತಿಗೆ ಎಷ್ಟು ಹಿಡಿಯುತ್ತದೆ ಎಂದು ನಕ್ಷೆಯಲ್ಲಿ ನೋಡಿ. ಇಂಟರ್‌ನ್ಯಾಶನಲ್ ಡ್ರೈವ್ ರಸ್ತೆಯ ಹೋಟೆಲ್ಲುಗಳು ಯೂನಿವರ್ಸಲ್‌ಗೆ ಹತ್ತಿರ, ಡಿಸ್ನಿಗೆ ದೂರ. ನಡುವಿನ ಐ-4 ಹೆದ್ದಾರಿ ಬೆಳಗು ಸಂಜೆ ನಮ್ಮ ಸಿಲ್ಕ್ ಬೋರ್ಡನ್ನು ನೆನಪಿಸುತ್ತದೆ. ಇಲ್ಲಿ ದಿನದ ರೆಸಾರ್ಟ್ ಶುಲ್ಕ ಎಂಬುದೊಂದನ್ನೂ ಹಾಕುತ್ತಾರೆ. ಬುಕ್ ಮಾಡುವ ಮುನ್ನ ಒಟ್ಟು ಮೊತ್ತ ನೋಡಿ. ಮನೆಯ ಹಿಂದೆ ಕೆರೆ ಇದ್ದರೆ ಚೆಂದವೇ. ಆದರೆ ಫ್ಲಾರಿಡಾದ ಯಾವ ಸಿಹಿನೀರಿನಲ್ಲೂ ಮೊಸಳೆ ಇರಬಹುದು, ಮಕ್ಕಳನ್ನು ಸಂಜೆ ದಂಡೆಗೆ ಬಿಡಬೇಡಿ.

ಊರಿನಿಂದ ಹೊರಡುವವರಿಗೆ

ವೀಸಾ ಕೈಗೆ ಬರುವವರೆಗೆ ಹಣ ವಾಪಸಾಗದ ಏನನ್ನೂ ಕೊಳ್ಳಬೇಡಿ. ಪ್ರವಾಸಿ ವೀಸಾ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಬೆಂಗಳೂರಿನಿಂದ ಒರ್ಲ್ಯಾಂಡೊಗೆ ನೇರ ವಿಮಾನವಿಲ್ಲ. ದುಬೈನಲ್ಲಿ ಒಂದೇ ಬದಲಾವಣೆಯೊಂದಿಗೆ ಹೋಗಬಹುದು. ನ್ಯೂಯಾರ್ಕ್, ಷಿಕಾಗೊ ಮೂಲಕ ಹೋದರೆ ಇಮಿಗ್ರೇಶನ್ ಅಲ್ಲೇ ಆಗುತ್ತದೆ, ಪೆಟ್ಟಿಗೆಗಳನ್ನೂ ಅಲ್ಲೇ ಇಳಿಸಿ ಮತ್ತೆ ಹಾಕಬೇಕು. ನಡುವೆ ಮೂರು ಗಂಟೆಯಾದರೂ ಇರಲಿ.

ಪೆಟ್ಟಿಗೆಯಲ್ಲಿ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ, ಉಪ್ಪಿಟ್ಟಿನ ರೆಡಿ ಮಿಕ್ಸ್ ಧಾರಾಳವಾಗಿ ಇರಲಿ. ಅಕ್ಕಿ, ಕಡಲೆ, ಹಣ್ಣು ತರಕಾರಿ, ಮಾಂಸ ಬೇಡ. ಕರಿಬೇವಂತೂ ಒಂದು ಎಸಳೂ ಬೇಡ. ಇದು ಸುಮ್ಮನೆ ಹೇಳುವ ಕಟ್ಟುನಿಟ್ಟಲ್ಲ. ಕರಿಬೇವಿನ ಎಲೆಯ ಮೇಲೆ ಬದುಕುವ ಒಂದು ಸಣ್ಣ ಕೀಟವೇ ಕಿತ್ತಳೆ ಗಿಡಗಳಿಗೆ ಹಸಿರು ರೋಗ ಹರಡುವುದು. ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡ ಆ ರೋಗ ರಾಜ್ಯದ ಕಿತ್ತಳೆ ತೋಟಗಳನ್ನು ನೆಲಕಚ್ಚಿಸಿದೆ. ತಿನಿಸು ಏನಿದ್ದರೂ ಕಸ್ಟಮ್ಸ್‌ನಲ್ಲಿ ಇದೆ ಎಂದೇ ಹೇಳಿ. ಹೇಳಿದರೆ ಬೇಡದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ ಅಷ್ಟೇ, ಮುಚ್ಚಿಟ್ಟರೆ ದಂಡ. ದುಬೈ ಮೂಲಕ ಹೋಗುವವರು ಗಸಗಸೆಯನ್ನು ಮನೆಯಲ್ಲೇ ಬಿಡಿ. ಅಲ್ಲಿ ಅದು ಮಾದಕ ವಸ್ತುಗಳ ಪಟ್ಟಿಯಲ್ಲಿದೆ.

ಸಮಯದ ವ್ಯತ್ಯಾಸ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆ. ಮೊದಲ ನಾಲ್ಕು ದಿನ ಸಂಜೆ ಆರಕ್ಕೆ ಕಣ್ಣು ಎಳೆಯುತ್ತದೆ, ಬೆಳಗ್ಗೆ ಮೂರಕ್ಕೆ ಎಚ್ಚರ. ಎಲ್ಲ ಊರಿನಲ್ಲೂ ಕಷ್ಟ ಕೊಡುವ ಈ ನಿದ್ದೆಗೇಡು ಇಲ್ಲಿ ಮಾತ್ರ ವರ. ಅದರೊಂದಿಗೆ ಗುದ್ದಾಡದೆ ಪಾರ್ಕಿನ ದಿನಗಳನ್ನು ಮೊದಲಿಗೇ ಇಟ್ಟುಕೊಳ್ಳಿ, ರಾತ್ರಿಯ ಪಟಾಕಿಯನ್ನು ಕೊನೆಗೆ.

ಕಾರು, ಟೋಲು, ಪೆಟ್ರೋಲು

ಡಿಸ್ನಿ ಹೋಟೆಲ್ಲಿನಲ್ಲಿ ಇಳಿದು ಡಿಸ್ನಿ ಮಾತ್ರ ನೋಡುವವರಿಗೆ ಕಾರು ಬೇಡ. ವಿಮಾನ ನಿಲ್ದಾಣದಿಂದ ಡಿಸ್ನಿಯ ಉಚಿತ ಬಸ್ಸು 2022ರಲ್ಲಿ ನಿಂತಿದೆ, ಅಷ್ಟಕ್ಕೆ ಟ್ಯಾಕ್ಸಿ ಸಾಕು. ಉಳಿದವರಿಗೆ ಬಾಡಿಗೆ ಕಾರು ಬೇಕೇ ಬೇಕು. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸ್ ಫ್ಲಾರಿಡಾದಲ್ಲಿ ನಡೆಯುತ್ತದೆ. ಆದರೂ ಬಾಡಿಗೆ ಕೌಂಟರಿನಲ್ಲಿ ತಕರಾರು ಬಾರದಂತೆ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಟ್ಟುಕೊಳ್ಳಿ. ಐದು ವರ್ಷದವರೆಗಿನ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ವಾರದ ಬಾಡಿಗೆಗಿಂತ ಅಲ್ಲಿನ ದೊಡ್ಡ ಅಂಗಡಿಯಲ್ಲಿ ಹೊಸದು ಕೊಳ್ಳುವುದು ಎಷ್ಟೋ ಸಲ ಅಗ್ಗ.

ವಿಮಾನ ನಿಲ್ದಾಣದಿಂದ ಎಲ್ಲಿಗೆ ಹೋದರೂ 417 ಅಥವಾ 528ರ ಟೋಲು ರಸ್ತೆ ಸಿಗುತ್ತದೆ. ಕೆಲವು ಟೋಲುಗಳಲ್ಲಿ ನಗದು ತೆಗೆದುಕೊಳ್ಳುವವರೇ ಇಲ್ಲ, ಕ್ಯಾಮೆರಾ ನಂಬರು ಹಿಡಿಯುತ್ತದೆ, ಬಾಡಿಗೆ ಕಂಪನಿ ಟೋಲಿನ ಜೊತೆ ದಿನದ ಶುಲ್ಕವನ್ನೂ ಸೇರಿಸಿ ಬಿಲ್ಲು ಹಾಕುತ್ತದೆ. ಇದನ್ನು ತಪ್ಪಿಸಲು ವಿಸಿಟರ್ ಟೋಲ್ ಪಾಸ್ ಇದೆ. ಮೊದಲೇ ಆ್ಯಪ್‌ನಲ್ಲಿ ನೋಂದಾಯಿಸಿ, ವಿಮಾನ ನಿಲ್ದಾಣದಲ್ಲಿ ಪಡೆದು, ಕನ್ನಡಿಗೆ ನೇತುಹಾಕಿಕೊಳ್ಳುವ ಫಲಕ. ಟೋಲು ಮಾತ್ರ ಕೊಟ್ಟರಾಯಿತು.

ಪೆಟ್ರೋಲ್ ಬಂಕಿನಲ್ಲಿ ಕಾರ್ಡು ತೂರಿಸಿದರೆ ಐದಂಕಿಯ ಪಿನ್‌ಕೋಡ್ ಕೇಳುತ್ತದೆ. ನಮ್ಮದು ಆರಂಕಿ, ಕಾರ್ಡು ತಿರಸ್ಕೃತ. ಒಳಗೆ ಹೋಗಿ ಪಂಪಿನ ಸಂಖ್ಯೆ ಹೇಳಿ 30 ಡಾಲರ್ ಎಂದು ಮುಂಗಡ ಕೊಡಿ. ಕಡಿಮೆ ಹಿಡಿದರೆ ಉಳಿದದ್ದು ವಾಪಸ್. ಹೊರಡುವ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆ ತೆರೆದಿಡಿ, ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿ. ಬೆಳಗ್ಗೆ ಏಳಕ್ಕೆ ಲೈಟ್ನಿಂಗ್ ಲೇನ್ ಕೊಳ್ಳುವಾಗ ಒಟಿಪಿ ಬಾರದೆ ಕೂತವರು ಕಡಿಮೆಯಿಲ್ಲ.

ಆ ಮೂರು ಗಂಟೆ

ಮ್ಯಾಜಿಕ್ ಕಿಂಗ್‌ಡಮ್ ಅಧಿಕೃತವಾಗಿ ಒಂಬತ್ತಕ್ಕೆ ತೆರೆಯುವ ದಿನ, ಹೊರಗಿನ ಮನೆಯಲ್ಲಿ ಇಳಿದವರ ಲೆಕ್ಕ ಹೀಗೆ. 7:15ಕ್ಕೆ ಕಾರು ಹೊರಡಬೇಕು. ಈ ಒಂದು ಪಾರ್ಕಿಗೆ ಕಾರು ನಿಲ್ಲಿಸುವ ಜಾಗ ಗೇಟಿನ ಹತ್ತಿರವಿಲ್ಲ. ನಡುವೆ ದೊಡ್ಡ ಕೆರೆ. ಕಾರು ನಿಲ್ಲಿಸಿ, ತಪಾಸಣೆ ಮುಗಿಸಿ, ಮಾನೋರೈಲು ಇಲ್ಲವೇ ದೋಣಿ ಹತ್ತಿ ಗೇಟು ಮುಟ್ಟಲು 30ರಿಂದ 45 ನಿಮಿಷ. ಕಾರು ನಿಲ್ಲಿಸಿದ ಸಾಲಿನ ಹೆಸರಿನ ಫೋಟೊ ತೆಗೆದುಕೊಳ್ಳಿ, ರಾತ್ರಿ ಹುಡುಕುವಾಗ ಬೇಕು. 8:15ಕ್ಕೆ ಗೇಟಿನಲ್ಲಿದ್ದರೆ 8:30ಕ್ಕೆ ಡಿಸ್ನಿ ಹೋಟೆಲ್ಲಿನಲ್ಲಿ ಇಳಿದವರು ರೈಡಿಗೆ ಹೋಗುತ್ತಾರೆ, ನಿಮ್ಮನ್ನು ಕೋಟೆಯ ಮುಂದಿನ ವೃತ್ತದ ಹತ್ತಿರ ಹಗ್ಗದ ಹಿಂದೆ ನಿಲ್ಲಿಸುತ್ತಾರೆ. ಒಂಬತ್ತಕ್ಕೆ ಹಗ್ಗ ತೆಗೆಯುತ್ತಾರೆ. ಬ್ರೆಡ್ಡು, ಬಾಳೆಹಣ್ಣು ಆ ಹಗ್ಗದ ಹಿಂದೆಯೇ ತಿಂದು ಮುಗಿಸಿ.

ಮೊದಲು ಯಾವ ರೈಡು? ಜನಪ್ರಿಯವಾದದ್ದು ಎಂಬುದು ಸಾಮಾನ್ಯ ಉತ್ತರ. ಸರಿಯಾದ ಉತ್ತರ: ಗಂಟೆಗೆ ಕಡಿಮೆ ಜನರನ್ನು ಹೊರುವುದು. ಪೀಟರ್ ಪ್ಯಾನ್ಸ್ ಫ್ಲೈಟ್ ಹಳೆಯ, ಸೌಮ್ಯವಾದ ಮಕ್ಕಳ ರೈಡು. ಅದರ ಪುಟ್ಟ ದೋಣಿಗಳಲ್ಲಿ ಕೆಲವರಷ್ಟೇ ಹಿಡಿಸುತ್ತಾರೆ, ಹಾಗಾಗಿ ಹತ್ತೂವರೆಗೇ ಒಂದು ಗಂಟೆಯ ಸಾಲು. ಪೈರೇಟ್ಸ್‌ನ ದೋಣಿಯಲ್ಲಿ ಸಾಲುಸಾಲಾಗಿ ಕೂರಿಸುತ್ತಾರೆ, ಹಾಂಟೆಡ್ ಮ್ಯಾನ್ಶನ್‌ನ ಗಾಡಿಗಳು ನಿಲ್ಲದೆ ಸರಿಯುತ್ತಲೇ ಇರುತ್ತವೆ. ಅಲ್ಲಿ ಮೈಲುದ್ದದ ಸಾಲೂ ಓಡುತ್ತದೆ. ಅಂಥವನ್ನು ಮಧ್ಯಾಹ್ನಕ್ಕೆ ಇಟ್ಟರೂ ನಷ್ಟವಿಲ್ಲ. ಚಿಕ್ಕ ಮಕ್ಕಳಿದ್ದರೆ ಪೀಟರ್ ಪ್ಯಾನ್, ಆಮೇಲೆ ಸೆವೆನ್ ಡ್ವಾರ್ಫ್ಸ್. ದೊಡ್ಡ ಮಕ್ಕಳಿದ್ದರೆ ಟ್ರಾನ್, ಆಮೇಲೆ ಸ್ಪೇಸ್ ಮೌಂಟನ್. ಒಂದು ಮೂಲೆ ಮುಗಿಸಿಯೇ ಇನ್ನೊಂದು ಮೂಲೆಗೆ ಹೋಗಿ. ಹಳೆಯ ನಕ್ಷೆ ನಂಬಬೇಡಿ: ಟಾಮ್ ಸಾಯರ್ ದ್ವೀಪ ಮತ್ತು ಸುತ್ತಲ ನದಿ 2025ರ ಜುಲೈನಲ್ಲಿ ಶಾಶ್ವತವಾಗಿ ಮುಚ್ಚಿವೆ. ಯಾವ ರೈಡು ದುರಸ್ತಿಯಲ್ಲಿದೆ ಎಂಬ ಪಟ್ಟಿ ಡಿಸ್ನಿಯ ಜಾಲತಾಣದಲ್ಲಿ ಸಿಗುತ್ತದೆ. ಒಂದು ವಾರ ಮುಂಚೆ ನೋಡಿ, ಮಗುವಿಗೆ ಮಾತು ಕೊಡುವ ಮುನ್ನ.

ಅನಿಮಲ್ ಕಿಂಗ್‌ಡಮ್‌ನಲ್ಲಿ ಬೆಳಗ್ಗೆ ಮೊದಲು ಫ್ಲೈಟ್ ಆಫ್ ಪ್ಯಾಸೇಜ್, ಅದು ಮುಗಿದ ಕೂಡಲೇ ಸಫಾರಿ. ಬಿಸಿಲೇರಿದರೆ ಪ್ರಾಣಿಗಳೂ ನಮ್ಮಂತೆಯೇ ನೆರಳು ಹಿಡಿದು ಮಲಗುತ್ತವೆ. ಈ ಪಾರ್ಕು ಅರ್ಧ ದಿನದ್ದು. ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಸ್ಲಿಂಕಿ ಡಾಗ್ ಮೊದಲು. ಅದು ಬಯಲಿನಲ್ಲಿದೆ, ಮಳೆ ಬಂದರೆ ನಿಲ್ಲುತ್ತದೆ. ರೈಸ್ ಆಫ್ ದಿ ರೆಸಿಸ್ಟೆನ್ಸ್ ಆಗಾಗ ಕೆಟ್ಟು ನಿಲ್ಲುವ ರೈಡು, ಅದಕ್ಕೆ ಸಂಜೆಯ ಕೊನೆಯ ಗಂಟೆ. ಎಪ್ಕಾಟ್ ಮಾತ್ರ ಬೇರೆ ಜಾತಿ. ಅದರ ಹನ್ನೊಂದು ದೇಶಗಳ ಭಾಗ ಬಹುಪಾಲು ತೆರೆಯುವುದೇ ಹನ್ನೊಂದಕ್ಕೆ, ಕೆರೆಯ ಸುತ್ತ ಎರಡು ಕಿಲೋಮೀಟರ್ ನಡಿಗೆ, ನೆರಳು ಕಡಿಮೆ. ಬೆಳಗ್ಗೆ ಮುಂಭಾಗದ ರೈಡು ಮುಗಿಸಿ, ಮನೆಗೆ ಹೋಗಿ, ಸಂಜೆ ಐದಕ್ಕೆ ಬಂದು ದೇಶ ಸುತ್ತುವುದು ಚೆಂದ. ಕಾಸ್ಮಿಕ್ ರಿವೈಂಡ್‌ನಲ್ಲಿ ಗಾಡಿ ಓಡುತ್ತಲೇ ತಿರುಗುತ್ತದೆ. ಆಗುಂಬೆ ಘಾಟಿಯಲ್ಲಿ ಬಸ್ಸಿನ ಕಿಟಕಿ ಹುಡುಕುವವರು ಹತ್ತಬೇಡಿ. ಸಾಗುವಳಿ ಬಲ್ಲ ಹಿರಿಯರಿಗೆ ಲಿವಿಂಗ್ ವಿತ್ ದಿ ಲ್ಯಾಂಡ್ ತೋರಿಸಿ: ಮಣ್ಣಿಲ್ಲದೆ ಬೆಳೆದ ಗಿಡಗಳ ನಡುವೆ ದೋಣಿಯಲ್ಲಿ ಹದಿನೈದು ನಿಮಿಷ, ತಂಪು, ಕೂತೇ ನೋಡುವುದು.

ಹನ್ನೆರಡೂವರೆಗೆ ಹೊರಡಿ. ಹೊರಡಲು ಮನಸ್ಸು ಬರುವುದಿಲ್ಲ, ಟಿಕೆಟ್ಟಿನ ದುಡ್ಡು ನೆನಪಾಗುತ್ತದೆ. ಆದರೂ ಹೊರಡಿ. ಊಟ, ಎರಡು ಗಂಟೆ ನಿದ್ದೆ, ಈಜುಕೊಳ, ಮಳೆ ನಿಂತ ಮೇಲೆ ಆರಕ್ಕೆ ಮತ್ತೆ ಪಾರ್ಕು. ಅದೇ ಟಿಕೆಟ್ಟಿನಲ್ಲಿ ಅದೇ ಪಾರ್ಕಿಗೆ ಮತ್ತೆ ಹೋಗಬಹುದು, ಪಾರ್ಕಿಂಗಿಗೂ ಅದೇ ರಸೀದಿ ಸಾಕು.

ಬಿಸಿಲು, ಸಿಡಿಲು, ಕಾಲು

ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ನಡಿಗೆ ಖಂಡಿತ. ಹೊಸ ಶೂ ಹಾಕಿ ಹೋದವರಿಗೆ ಎರಡನೇ ದಿನ ಬೊಬ್ಬೆ. ಎರಡು ಜೊತೆ ಹಳೆಯ ಶೂ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಬೊಬ್ಬೆಗೆ ಮುಖ್ಯ ಕಾರಣ ಒದ್ದೆ ಕಾಲುಚೀಲ, ಆದ್ದರಿಂದ ಬ್ಯಾಗಿನಲ್ಲಿ ತಲೆಗೊಂದು ಒಣ ಜೊತೆ ಇರಲಿ. ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ, ಕಿವಿ ಮತ್ತು ಪಾದದ ಮೇಲೂ. ತಲೆಗೆ ಅಂಚಿನ ಟೋಪಿ. ಊರಿನಿಂದ ಓಆರ್‌ಎಸ್ ಪೊಟ್ಟಣ ಹತ್ತಾದರೂ ಒಯ್ಯಿರಿ. ಬೆವರು ನಿಂತು ತಲೆ ಸುತ್ತಿದರೆ ನೀರು ಕುಡಿಸಿ ಸಾಲಿನಲ್ಲೇ ಮುಂದುವರಿಯಬೇಡಿ, ಪಾರ್ಕಿನ ಪ್ರಥಮ ಚಿಕಿತ್ಸೆ ಕೋಣೆಗೆ ಕರೆದೊಯ್ಯಿರಿ. ಎಲ್ಲ ಪಾರ್ಕಿನಲ್ಲೂ ಇದೆ. ಐಸ್ ಹಾಕಿದ ನೀರು ಡಿಸ್ನಿಯ ಊಟದ ಕೌಂಟರುಗಳಲ್ಲಿ ಕೇಳಿದರೆ ಪುಕ್ಕಟೆ. ನಲ್ಲಿ ನೀರು ಕುಡಿಯಬಹುದು, ಗಂಧಕದ ವಾಸನೆಗೆ ಹೆದರಬೇಡಿ.

ಗುಡುಗು ಕೇಳಿದ ಕೂಡಲೇ ಬಯಲಿನ ರೈಡೆಲ್ಲ ನಿಲ್ಲುತ್ತವೆ, ಎಲ್ಲರೂ ಒಳಾಂಗಣದ ರೈಡಿಗೆ ನುಗ್ಗುತ್ತಾರೆ. ಮೋಡ ಕಪ್ಪಾಗುವಾಗಲೇ ಒಳಗೆ ಸೇರಿಕೊಂಡವರು ಗೆದ್ದರು. ನೆನೆದರೂ ಪರವಾಗಿಲ್ಲ ಎನ್ನುವವರು ಕಾದರೆ, ಮಳೆ ನಿಂತ ಮೊದಲ ಅರ್ಧ ಗಂಟೆ ಸಾಲು ಬಹಳ ಕಡಿಮೆ. ಛತ್ರಿಗಿಂತ ಪ್ಲಾಸ್ಟಿಕ್ ಪಾಂಚೊ (ಮಳೆಯಂಗಿ) ಮೇಲು. ಹೊರಗಿನ ಅಗ್ಗದ ಅಂಗಡಿಯಲ್ಲೇ ಕೊಳ್ಳಿ. ಒಳಗಿನ ಎಸಿ ಮಾತ್ರ ನಡುಗಿಸುತ್ತದೆ. ಹಿರಿಯರಿಗೆ ತೆಳು ಶಾಲು ಬೇಕು.

ಮಂಡಿ ನೋವಿರುವವರು ಗಾಲಿಕುರ್ಚಿಗೆ ನಾಚಬೇಡಿ. ಗೇಟಿನ ಹತ್ತಿರ ಬಾಡಿಗೆಗೆ ಸಿಗುತ್ತದೆ, ಮೊದಲು ಬಂದವರಿಗೆ ಮೊದಲು. ಮಕ್ಕಳ ಎತ್ತರವನ್ನು ಮನೆಯಲ್ಲೇ ಶೂ ಹಾಕಿ ಅಳೆಯಿರಿ. ಸೆವೆನ್ ಡ್ವಾರ್ಫ್ಸ್‌ಗೆ 97 ಸೆಂ.ಮೀ., ಸ್ಪೇಸ್ ಮೌಂಟನ್‌ಗೆ 112, ಟ್ರಾನ್‌ಗೆ 122, ಯೂನಿವರ್ಸಲ್‌ನ ವೆಲಾಸಿಕೋಸ್ಟರ್‌ಗೆ 130. ಗೇಟಿನಲ್ಲಿ ಒಂದು ಸೆಂಟಿಮೀಟರೂ ಬಿಡುವುದಿಲ್ಲ. ಮಗು ಚಿಕ್ಕದಾದರೆ ರೈಡರ್ ಸ್ವಿಚ್ ಕೇಳಿ: ಅಪ್ಪ ಹೋಗಿ ಬರುವಾಗ ಅಮ್ಮ ಮಗುವಿನ ಜೊತೆ ಹೊರಗೆ, ಆಮೇಲೆ ಅಮ್ಮ ಸಾಲಿಲ್ಲದೆ ಒಳಗೆ.

ಊಟ

ಡಿಸ್ನಿಯಲ್ಲಿ ಹೊರಗಿನ ಊಟ ಒಯ್ಯಬಹುದು. ಗಾಜಿನ ಪಾತ್ರೆ, ಮದ್ಯ ಮಾತ್ರ ಇಲ್ಲ. ಚಪಾತಿ ಪಲ್ಯ, ಚಿತ್ರಾನ್ನ ಆರಾಮವಾಗಿ ನಡೆಯುತ್ತದೆ. ಮೊಸರನ್ನ ಧಗೆಯಲ್ಲಿ ಬೇಗ ಹುಳಿಯುತ್ತದೆ, ತಂಪು ಚೀಲ ಬೇಕು. ಬಿಡಿ ಐಸು ಬಿಡುವುದಿಲ್ಲ, ಜೆಲ್ ಪ್ಯಾಕ್ ಹಾಕಿ. ಯೂನಿವರ್ಸಲ್‌ನಲ್ಲಿ ನಿಯಮ ಬಿಗಿ: ಬಿಸಿ ಮಾಡಬೇಕಿಲ್ಲದ ಕುರುಕಲು, ನೀರು ಅಷ್ಟೇ.

ಕೊಂಡು ತಿನ್ನುವ ಸಸ್ಯಾಹಾರಿಗಳು ವೆಜಿಟೇರಿಯನ್ ಎಂದು ಕೇಳಿ ಬಿಡಬೇಡಿ. ಸೂಪಿನಲ್ಲಿ ಕೋಳಿ ಸಾರು, ಸೀಸರ್ ಸಾಲಡ್‌ನಲ್ಲಿ ಮೀನು, ಮಾರ್ಷ್‌ಮ್ಯಾಲೊದಲ್ಲಿ ಜೆಲಟಿನ್ ಇರುತ್ತದೆ. ಡಿಸ್ನಿಯ ಮೆನುವಿನಲ್ಲಿ ಎಲೆಯ ಗುರುತಿದ್ದರೆ ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಮೂರೂ ಇಲ್ಲ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಎಂಬ ಹೋಟೆಲ್ಲಿನಲ್ಲಿ ಬಗೆಬಗೆಯ ರೊಟ್ಟಿ, ನಾನ್ ಜೊತೆ ಒಂಬತ್ತು ಬಗೆಯ ಚಟ್ನಿ ಉಪ್ಪಿನಕಾಯಿಗಳ ತಟ್ಟೆ ಕೊಡುತ್ತಾರೆ, ಕಿಟಕಿಯಾಚೆ ಜಿರಾಫೆ. ಕೂತು ಊಟ ಮಾಡುವ ಜಾಗಗಳ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ.

ಯೂನಿವರ್ಸಲ್

ಇಲ್ಲಿ ಎಡವುವ ಕಡೆ ಎರಡೇ. ಹ್ಯಾರಿ ಪಾಟರ್ ಕಥೆಯ ಹಾಗ್ವರ್ಟ್ಸ್ ರೈಲು ಯೂನಿವರ್ಸಲ್ ಸ್ಟುಡಿಯೋಸ್‌ನಿಂದ ಐಲ್ಯಾಂಡ್ಸ್ ಆಫ್ ಅಡ್ವೆಂಚರ್‌ಗೆ ಓಡುತ್ತದೆ. ಎರಡೂ ಪಾರ್ಕಿನ ಒಂದೇ ದಿನದ ಟಿಕೆಟ್ ಇಲ್ಲದವರನ್ನು ಹತ್ತಿಸುವುದಿಲ್ಲ. ಎರಡನೆಯದು, 2025ರ ಮೇ 22ರಂದು ತೆರೆದ ಎಪಿಕ್ ಯೂನಿವರ್ಸ್ ಹಳೆಯ ಪಾರ್ಕುಗಳ ಪಕ್ಕದಲ್ಲಿಲ್ಲ. ಕೆಲವು ಕಿಲೋಮೀಟರ್ ಆಚೆ, ಬೇರೆ ಪಾರ್ಕಿಂಗ್. ಅದಕ್ಕೆ ಪೂರ್ತಿ ಒಂದು ದಿನ ಕೊಡಿ. ಎಲ್ಲರಿಗೂ ಎಕ್ಸ್‌ಪ್ರೆಸ್ ಪಾಸ್ (ಇಲ್ಲಿನ ಗಿಡ್ಡ ಸಾಲಿನ ಪಾಸ್) ಕೊಳ್ಳುವುದಾದರೆ ಮೊದಲು ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಹೋಟೆಲ್ಲುಗಳ ಒಂದು ರಾತ್ರಿಯ ದರ ನೋಡಿ. ಅಲ್ಲಿ ಇಳಿದವರಿಗೆ ಹಳೆಯ ಎರಡು ಪಾರ್ಕಿನ ಎಕ್ಸ್‌ಪ್ರೆಸ್ ಉಚಿತ, ಬಂದ ದಿನ ಮತ್ತು ಹೊರಡುವ ದಿನ ಎರಡಕ್ಕೂ. ನಾಲ್ಕು ಜನರ ಕುಟುಂಬಕ್ಕೆ ಕೋಣೆಯೇ ಅಗ್ಗ ಬೀಳಬಹುದು. ಎಪಿಕ್‌ಗೆ ಈ ಸವಲತ್ತಿಲ್ಲ. ಒಬ್ಬೊಬ್ಬರೇ ಕೂರಲು ಒಪ್ಪುವ ಹದಿಹರೆಯದವರಿಗೆ ಸಿಂಗಲ್ ರೈಡರ್ ಸಾಲು ತೋರಿಸಿ. ದೊಡ್ಡ ಕೋಸ್ಟರುಗಳಿಗೆ ಮುನ್ನ ಜೇಬಿನ ಬೀಗದ ಕೈಯನ್ನೂ ಲಾಕರಿನಲ್ಲಿ ಇಡಬೇಕು.

ಬಿಡುವಿನ ದಿನ

ವೆಕೈವಾ ಸ್ಪ್ರಿಂಗ್ಸ್‌ನಲ್ಲಿ ನೆಲದಡಿಯಿಂದ ಉಕ್ಕುವ ನೀರು ವರ್ಷಪೂರ್ತಿ 22 ಡಿಗ್ರಿ. ಕಾರಿಗೆ ಕೆಲವೇ ಡಾಲರ್. ವಾರಾಂತ್ಯದಲ್ಲಿ ಒಳಗೆ ತುಂಬಿದ ಕೂಡಲೇ ಗೇಟು ಹಾಕುತ್ತಾರೆ, ಎಂಟಕ್ಕೇ ಹೋಗಿ. ದೇವಸ್ಥಾನ ಬೇಕೆನ್ನುವ ಹಿರಿಯರಿಗೆ ಕ್ಯಾಸಲ್‌ಬೆರಿಯಲ್ಲಿ ಹಿಂದೂ ಸೊಸೈಟಿಯ ಮಂದಿರವಿದೆ. ಕೆನಡಿ ಕೇಂದ್ರವನ್ನು ಬಿಡುವಿನ ದಿನಕ್ಕೆ ತುರುಕಬೇಡಿ, ಅದು ಪೂರ್ತಿ ದಿನದ ಕೆಲಸ. ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಹಾರಿದ್ದು ಅಲ್ಲಿಂದಲೇ. ಒಳಹೊಕ್ಕ ಕೂಡಲೇ ಮೊದಲು ಬಸ್ಸು ಹತ್ತಿ ಸ್ಯಾಟರ್ನ್ 5 ರಾಕೆಟ್ ಮಲಗಿಸಿರುವ ಕಟ್ಟಡಕ್ಕೆ ಹೋಗಿ, ಅಟ್ಲಾಂಟಿಸ್ ನೌಕೆಯನ್ನು ಆಮೇಲೆ ನೋಡಿ. ಕೊನೆಯ ಬಸ್ಸು ಮಧ್ಯಾಹ್ನವೇ ಹೊರಟುಬಿಡುತ್ತದೆ.

ವಾಪಸ್ ಹೊರಡುವ ದಿನ ಪಾರ್ಕು ಬೇಡ. ಶನಿವಾರ, ಭಾನುವಾರ ವಿಮಾನ ನಿಲ್ದಾಣದ ಭದ್ರತಾ ಸಾಲು ಪಾರ್ಕಿನ ಸಾಲನ್ನೇ ಮೀರಿಸುತ್ತದೆ. ಮೂರು ಗಂಟೆ ಮುಂಚೆ ಅಲ್ಲಿರಿ. ಕಾರು ಒಪ್ಪಿಸುವ ಮುನ್ನ ಕನ್ನಡಿಗೆ ನೇತುಹಾಕಿದ ಟೋಲ್ ಪಾಸ್ ಬಿಚ್ಚಿ, ಬಾಡಿಗೆ ಕಾರು ವಾಪಸ್ ಕೊಡುವ ಮಹಡಿಯಲ್ಲಿ ಅದಕ್ಕೆಂದೇ ಇಟ್ಟಿರುವ ಡಬ್ಬಿಗೆ ಹಾಕಿ.